ಬೆಟ್ಟದ ದಾರಿಗೆ ಜೊತೆಗಾತಿಯರು

ಹೆಣ್ಣುಮಗಳೊಬ್ಬಳು ಸೈಕಲ್ ಏರಿ ಶಾಲೆಗೆ ಹೊರಟರೆ ನಮ್ಮ ಊರುಗಳಲ್ಲಿ ಈಗ ಯಾರೂ ತಿರುಗಿ ನೋಡುವುದಿಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲಂತೂ ಹಳ್ಳಿಯ ಹುಡುಗಿಯರ ಸೈಕಲ್ ಸಾಲು ಎಲ್ಲರ ಕಣ್ಣಿಗೂ ರೂಢಿಯಾಯಿತು. ಆದರೆ ಅದೇ ಹುಡುಗಿ ದೊಡ್ಡವಳಾಗಿ, ದಪ್ಪ ಟೈರಿನ ಸೈಕಲ್ ಕೊಂಡು, "ಅಮ್ಮಾ, ಈ ಭಾನುವಾರ ಡಾಂಬರು ರಸ್ತೆ ಬಿಟ್ಟು ಗುಡ್ಡದ ಕಾಲುದಾರಿ ಹತ್ತಿ ಬರುತ್ತೇನೆ" ಎಂದಳೆನ್ನಿ. ಮನೆಯ ಹಜಾರದಲ್ಲಿ ಸಭೆ ಸೇರುತ್ತದೆ. ಒಬ್ಬಳೇ ಹೋಗುತ್ತೀಯಾ? ಜೊತೆಗೆ ಯಾರು? ಬಿದ್ದರೆ ಗತಿಯೇನು? ಮೂರು ಪ್ರಶ್ನೆಗಳೂ ನ್ಯಾಯವಾದವೇ. ಆದರೆ ಮೂರಕ್ಕೂ ಸೇರಿಸಿ "ಹೋಗಬೇಡ" ಎಂಬ ಒಂದೇ ಉತ್ತರವನ್ನು ಕೊಟ್ಟು ಹಿರಿಯರು ಎದ್ದುಬಿಡುತ್ತಾರೆ. ಬೇರೆ ಉತ್ತರಗಳೂ ಇವೆ. ಅವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು.

ಬೆಟ್ಟದ ಸೈಕಲ್ ಸವಾರಿ ಈಗಿನ ರೂಪದಲ್ಲಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಟಮಲ್‌ಪೈಸ್ ಬೆಟ್ಟದ ಸುತ್ತಮುತ್ತ. 1970ರ ದಶಕದಲ್ಲಿ ಅಲ್ಲಿನ ತರುಣರು ಮೂಲೆಗೆ ಬಿದ್ದಿದ್ದ ಹಳೆಯ ಭಾರದ ಸೈಕಲ್ಲುಗಳನ್ನು ಹೊರತೆಗೆದು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಅವರು ನಡೆಸಿದ ಪಂದ್ಯಕ್ಕೆ "ರೀಪ್ಯಾಕ್" ಎಂದು ಹೆಸರು ಬಂತು. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿ ಒತ್ತಿ ಹಿಂದಿನ ಗಾಲಿಯ ಗುಂಬದೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ತುಂಬಬೇಕಾಗಿತ್ತು. ಹೆಸರಿನ ಅರ್ಥ ಇಷ್ಟೇ.

ಆ ಗುಂಪಿನಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ವೆಂಡೆ ಕ್ರ್ಯಾಗ್ ಎಂಬಾಕೆ ಅನೇಕ ಸಲ ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಸವಾರಿ ಮಾಡಿದಳು. ಜೊತೆಗೆ ಕ್ಯಾಮರಾವನ್ನೂ ಒಯ್ದಳು. ಆ ಕಾಲದ ಚಿತ್ರಗಳು ಇಂದು ನಮಗೆ ಇಷ್ಟೊಂದು ದೊರೆಯುವುದು ಬಹುಮಟ್ಟಿಗೆ ಆಕೆಯ ದಯದಿಂದ. 1983, 84, 85ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯಗಳನ್ನು ಗೆದ್ದ ಜಾಕಿ ಫೆಲಾನ್ ಇನ್ನೊಂದು ಹೆಜ್ಜೆ ಮುಂದಿಟ್ಟಳು. ತಾನು ಗೆದ್ದರೆ ಸಾಲದು, ಜೊತೆಗೆ ಬರುವವರು ಬೇಕು ಎಂದು 1987ರಲ್ಲಿ "ವಾಂಬ್ಯಾಟ್ಸ್" ಎಂಬ ಸಂಘವನ್ನು ಕಟ್ಟಿದಳು. ಆಸ್ಟ್ರೇಲಿಯದ ಒಂದು ದುಂಡು ಪ್ರಾಣಿಯ ಹೆಸರಿನಂತೆ ಕೇಳಿಸುವ ಈ ಸಂಕ್ಷೇಪವನ್ನು ಬಿಡಿಸಿದರೆ "ಮಹಿಳೆಯರ ಬೆಟ್ಟದ ಸೈಕಲ್ ಮತ್ತು ಚಹಾ ಸಂಘ" ಎಂದಾಗುತ್ತದೆ. ಚಹಾ ಏಕೆ ಎಂದು ನೀವು ನಗಬಹುದು. ನನಗಂತೂ ಆ ಹೆಸರಿನಲ್ಲಿ ಚಹಾವೇ ಮುಖ್ಯವೆನ್ನಿಸುತ್ತದೆ. ಮೊದಲ ಸಲ ಗುಡ್ಡ ಹತ್ತುವವಳಿಗೆ ಬೇಕಾದದ್ದು ಗಡಿಯಾರ ಹಿಡಿದು ನಿಂತ ತೀರ್ಪುಗಾರನಲ್ಲ. ಏದುಸಿರು ಇಳಿಯುವವರೆಗೆ ಕಾದು, "ಬಾ, ಕೂತುಕೋ" ಎನ್ನುವ ಒಬ್ಬ ಗೆಳತಿ.

ಆಮೇಲಿನ ಚರಿತ್ರೆ ವೇಗವಾಗಿ ಸಾಗಿತು. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ಮೊದಲ ವಿಶ್ವ ಪಂದ್ಯ ನಡೆದಾಗಲೇ ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ಇತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆತಾಗ ಮಹಿಳೆಯರ ಚಿನ್ನ ಇಟಲಿಯ ಪಾವೊಲಾ ಪೆಟ್ಸೊಳ ಪಾಲಾಯಿತು. 2000ದಲ್ಲಿ ಸಿಡ್ನಿಯಲ್ಲೂ ಆಕೆಯೇ ಗೆದ್ದಳು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಜೊತೆ ಎಲ್ಲಿ ಸಿಕ್ಕೀತು? ಮೊದಲು ವಿಚಾರಿಸಬೇಕಾದ ಸ್ಥಳ ಸೈಕಲ್ ಅಂಗಡಿ. ಒಳ್ಳೆಯ ಸೈಕಲ್ ಮಾರುವ, ರಿಪೇರಿ ಮಾಡುವ ಅಂಗಡಿಯವನಿಗೆ ಊರಿನಲ್ಲಿ ಯಾರು ಯಾರು, ಎಂದು, ಎಲ್ಲಿಗೆ ಹೋಗುತ್ತಾರೆಂಬುದೆಲ್ಲ ಗೊತ್ತಿರುತ್ತದೆ. "ಹೆಂಗಸರು ಬರುವ ಗುಂಪು ಯಾವುದಿದೆ?" ಎಂದು ನೇರವಾಗಿ ಕೇಳಿ. ಅಂಥ ಗುಂಪಿನ ಒಬ್ಬ ಹೆಂಗಸಿನೊಡನೆ ನೀವೇ ಮಾತನಾಡಿ. ಗಂಡಸೊಬ್ಬ ಗುಂಪನ್ನು ಕುರಿತು ಹೇಳುವುದಕ್ಕೂ ಅಲ್ಲಿ ಆರು ತಿಂಗಳು ಸವಾರಿ ಮಾಡಿದ ಹೆಂಗಸು ಹೇಳುವುದಕ್ಕೂ ವ್ಯತ್ಯಾಸವುಂಟು. ಎರಡನೆಯದನ್ನೇ ಹೆಚ್ಚು ನಂಬಿ.

ಗುಂಪಿಗೆ ಸೇರುವ ಮುನ್ನ ಕೇಳಬೇಕಾದ ಮಾತುಗಳು ಕೆಲವಿವೆ. ದಾರಿ ಕವಲೊಡೆಯುವ ಕಡೆ ಮುಂದಿನವರು ನಿಂತು ಹಿಂದಿನವರಿಗಾಗಿ ಕಾಯುತ್ತಾರೆಯೆ? ಎಲ್ಲರಿಗಿಂತ ಹಿಂದೆ ಬರುವ ಹೊಣೆ ಹೊತ್ತ ಅನುಭವಿಯೊಬ್ಬರು ಇರುತ್ತಾರೆಯೆ? ಎಷ್ಟು ದೂರ, ಎಷ್ಟು ಹತ್ತುವಿಕೆ, ಎಷ್ಟು ಹೊತ್ತಿಗೆ ವಾಪಸು? ಇವಕ್ಕೆ "ಬಂದು ನೋಡಿ, ಗೊತ್ತಾಗುತ್ತದೆ" ಎಂಬ ಉತ್ತರ ಬಂದರೆ ಬೇರೆ ಗುಂಪು ಹುಡುಕುವುದೇ ಲೇಸು. ಕಾಡಿನ ನಡುವೆ ಕೊನೆಯವಳನ್ನು ಬಿಟ್ಟು ಮುಂದೆ ಹೋಗುವ ಗುಂಪು ಗುಂಪೇ ಅಲ್ಲ. ಒಂದೇ ದಾರಿಯಲ್ಲಿ ಹೋಗುತ್ತಿರುವ ಒಂಟಿ ಜನ, ಅಷ್ಟೆ.

ಹೊಸಬರನ್ನು ಮೊದಲ ಸಲ ಕಾಣುವುದು ಅಂಗಡಿಯ ಮುಂದೆಯೋ ಹೋಟೆಲಿನಲ್ಲಿಯೋ ಇರಲಿ. ಮೊದಲ ಸವಾರಿ ಚಿಕ್ಕದಿರಲಿ, ನಿಮಗೆ ಗೊತ್ತಿರುವ ದಾರಿಯಲ್ಲಿರಲಿ. ಹೊರಡುವ ಜಾಗ ನಿಮ್ಮ ಮನೆಬಾಗಿಲಾಗದೆ ಎಲ್ಲರಿಗೂ ಗೊತ್ತಿರುವ ಒಂದು ವೃತ್ತವೋ ಪೆಟ್ರೋಲ್ ಬಂಕೋ ಆಗಲಿ. ಹೋಗುವುದು, ಬರುವುದು ನಿಮ್ಮ ಸ್ವಂತ ಏರ್ಪಾಟಿನಲ್ಲಿರಬೇಕು. ಇನ್ನೊಬ್ಬರ ಕಾರಿನಲ್ಲಿ ಸೈಕಲ್ ಹೇರಿಕೊಂಡು ಹೋದವಳಿಗೆ ನಡುವೆ ಮನಸ್ಸು ಬದಲಾದರೆ ಹಿಂತಿರುಗುವ ದಾರಿ ಇರುವುದಿಲ್ಲ. ಎಷ್ಟು ಜನ ಇದ್ದರೆ ಚೆನ್ನ ಎಂದು ಕೇಳಿದರೆ, ನಾಲ್ವರು ಎನ್ನುತ್ತೇನೆ. ಒಬ್ಬಳು ಬಿದ್ದು ಪೆಟ್ಟು ಮಾಡಿಕೊಂಡರೆ ಒಬ್ಬಳು ಬಳಿಯಲ್ಲಿ ಕೂರಬಹುದು, ಇಬ್ಬರು ಸಹಾಯ ತರಲು ಹೋಗಬಹುದು, ಯಾರೂ ಒಬ್ಬಂಟಿಯಾಗುವುದಿಲ್ಲ.

ಗುಂಪು ಸಿಗಲಿಲ್ಲವೆ? ಇಬ್ಬರು ಗೆಳತಿಯರಿಂದ ಶುರುಮಾಡಿ. ತಿಂಗಳಿಗೆ ಒಂದು ಭಾನುವಾರ, ಒಂದೇ ಜಾಗ, ಒಂದೇ ಹೊತ್ತು. ದಿನ ಗೊತ್ತಾಗಿದ್ದರೆ ಮೂರನೆಯವಳು ತಾನಾಗಿ ಬರುತ್ತಾಳೆ. ಅಮೆರಿಕದ ವರ್ಮಾಂಟಿನಲ್ಲಿ 2007ರಲ್ಲಿ ಶುರುವಾದ "ಲಿಟ್ಲ್ ಬೆಲ್ಲಾಸ್" ಎಂಬ ಸಂಸ್ಥೆ ಎಳೆಯ ಹುಡುಗಿಯರನ್ನು ದೊಡ್ಡ ಹೆಂಗಸರ ಜೊತೆ ಬೆಟ್ಟದ ದಾರಿಗೆ ಕಳಿಸುತ್ತದೆ. ಅದನ್ನು ಕಟ್ಟಿದವರಲ್ಲಿ ಒಬ್ಬಳಾದ ಲೀ ಡೇವಿಸನ್ 2012 ಮತ್ತು 2016ರ ಒಲಿಂಪಿಕ್ಸಿನಲ್ಲಿ ಓಡಿಸಿದವಳು. ನಮ್ಮಲ್ಲಿ ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಪಂದ್ಯದ ಪರಂಪರೆ ಗಟ್ಟಿಯಾಗಿದೆ. ಅಲ್ಲಿ ಹುಡುಗಿಯರೂ ಪಳಗುತ್ತಾರೆ. ಅಂಥ ಊರಿನಿಂದ ಬಂದ ಒಬ್ಬಳು ನಿಮ್ಮ ಬಡಾವಣೆಯಲ್ಲಿದ್ದರೆ ಅವಳೇ ನಿಮ್ಮ ಗುರು.

ಈಗ ಮನೆಯವರಿಗೆ ಒಂದು ಕೆಲಸ. ಹೊರಡುವವಳು ಒಂದು ಚೀಟಿ ಬರೆದಿಡಲಿ: ಯಾವ ದಾರಿ, ಯಾರ ಜೊತೆ, ಅವರ ಫೋನ್ ನಂಬರು, ಎಷ್ಟು ಹೊತ್ತಿಗೆ ವಾಪಸು. ಹೇಳಿದ ಹೊತ್ತಿಗೆ ಒಂದು ಗಂಟೆ ಮೀರಿದರೆ ಮನೆಯವರು ಮೊದಲು ಅವಳಿಗೆ, ಆಮೇಲೆ ಜೊತೆಯವರಿಗೆ ಫೋನ್ ಮಾಡಬೇಕು. ಯಾರೂ ಸಿಗದಿದ್ದರೆ 112ಕ್ಕೆ. ಇದನ್ನು ಮೊದಲೇ ನಿಶ್ಚಯಿಸಿಕೊಂಡರೆ ತಾಯಿ ಹದಿನೈದು ನಿಮಿಷಕ್ಕೊಮ್ಮೆ ಫೋನ್ ಮಾಡಿ ಇಳಿಜಾರಿನಲ್ಲಿರುವ ಮಗಳ ಗಮನ ಕೆಡಿಸುವುದು ತಪ್ಪುತ್ತದೆ. ಗುಡ್ಡದ ಮರೆಯಲ್ಲಿ ಮಾತಿನ ಕರೆ ಹೋಗದ ಕಡೆಯೂ ಅಕ್ಷರದ ಸಂದೇಶ ಕೆಲವು ಸಲ ಹೋಗುತ್ತದೆ. ಇದನ್ನು ಇಬ್ಬರೂ ನೆನಪಿಟ್ಟಿರಲಿ. ಆ ಪ್ರದೇಶದ ನಕ್ಷೆಯನ್ನು ಹೊರಡುವ ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದಾಗಲೂ ತಾನಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಓದಿಕೊಳ್ಳಬಹುದು.

ಫೋನಿನ ಮಾತು ಬಂದಾಗ ಒಂದು ಎಚ್ಚರಿಕೆ. ಸವಾರಿಯ ದಾರಿಯನ್ನು ತಾನಾಗಿ ಗುರುತಿಸಿ ಎಲ್ಲರಿಗೂ ತೋರಿಸುವ ಆ್ಯಪುಗಳಿವೆ. 2018ರ ಜನವರಿಯಲ್ಲಿ "ಸ್ಟ್ರಾವಾ" ಎಂಬ ಆ್ಯಪಿನ ಲೋಕನಕ್ಷೆಯಿಂದ ಸೈನಿಕ ನೆಲೆಗಳ ರೂಪರೇಷೆಯೇ ಹೊರಬಿದ್ದು ದೊಡ್ಡ ಸುದ್ದಿಯಾಯಿತು. ಸೈನಿಕರು ಓಡಾಡಿದ ಗೆರೆಗಳೇ ನೆಲೆಯನ್ನು ಬರೆದು ತೋರಿಸಿದ್ದವು. ಸೇನೆಯ ಬೇಲಿಯೇ ಬಯಲಾಗುವುದಾದರೆ ನಿಮ್ಮ ಮನೆಯ ಗೇಟು ಯಾವ ಲೆಕ್ಕ? ಮನೆಯ ಸುತ್ತಣ ಭಾಗವನ್ನು ಮರೆಮಾಡುವ ಸೌಕರ್ಯ ಆ ಆ್ಯಪಿನಲ್ಲೇ ಇದೆ, ಅದನ್ನು ಹಾಕಿಡಿ. ಫೋಟೋಗಳನ್ನು ಮನೆಗೆ ಬಂದ ಮೇಲೆ ಹಂಚಿ. ಪ್ರತಿ ವಾರ ಅದೇ ಗಂಟೆಗೆ ಅದೇ ದಾರಿಯಲ್ಲಿ ಒಂಟಿಯಾಗಿ ಹೋಗುವ ಅಭ್ಯಾಸವೂ ಬೇಡ. ನೀವಿರುವ ಜಾಗವನ್ನು ಆಗಿಂದಾಗ್ಗೆ ತೋರಿಸುವ ಏರ್ಪಾಡು ಮನೆಯ ಒಬ್ಬರಿಬ್ಬರಿಗಷ್ಟೇ ಇರಲಿ.

ದಾರಿಯಲ್ಲಿ ಅಪರಿಚಿತನೊಬ್ಬ "ಒಬ್ಬರೇ ಬಂದಿದ್ದೀರಾ?" ಎಂದರೆ "ಹಿಂದೆ ನಾಲ್ಕು ಜನ ಬರುತ್ತಿದ್ದಾರೆ" ಎನ್ನಿ. ಇಂಥ ಕಡೆ ಸುಳ್ಳಿಗೆ ದೋಷವಿಲ್ಲ. ಮನಸ್ಸಿಗೆ ಅಳುಕು ಬಂದರೆ ಕಾರಣ ಹುಡುಕುತ್ತ ನಿಲ್ಲದೆ ಜನವಿರುವ ಕಡೆಗೆ ತಿರುಗಿ. ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಡಿ. ಗುಡ್ಡದ ಬುಡದ ಚಹಾ ಅಂಗಡಿಯವಳ ಗುರುತು ಮಾಡಿಕೊಳ್ಳಿ. ಹೋಗುವಾಗ ಒಂದು ಲೋಟ ಚಹಾ ಕುಡಿದು, "ಹನ್ನೊಂದಕ್ಕೆ ವಾಪಸು ಬರ್ತೀನಕ್ಕ" ಎಂದು ಹೇಳಿಹೋದವಳನ್ನು ಆಕೆ ಮರೆಯುವುದಿಲ್ಲ.

ಮನುಷ್ಯರಿಗಿಂತ ಪ್ರಾಣಿಗಳ ವಿಷಯದಲ್ಲಿ ಸೈಕಲ್ಲಿಗೆ ಒಂದು ವಿಶೇಷ ಅಪಾಯವುಂಟು. ನಡೆಯುವವನ ಹೆಜ್ಜೆ ಸದ್ದಾಗುತ್ತದೆ. ಸೈಕಲ್ ಸದ್ದಿಲ್ಲದೆ, ವೇಗವಾಗಿ ತಿರುವಿನಲ್ಲಿ ಎದುರಾಗುತ್ತದೆ. ಬೆಚ್ಚಿದ ಪ್ರಾಣಿ ಮೇಲೆ ಬೀಳುತ್ತದೆ. ದರೋಜಿಯ ಕರಡಿಧಾಮದ ಸುತ್ತ, ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ. ಮುಂಜಾವು ಮುಸ್ಸಂಜೆಗಳು ಅವು ಓಡಾಡುವ ಹೊತ್ತು. ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟದ ಅಂಚುಗಳಲ್ಲಿ ಆನೆ. ಆದ್ದರಿಂದ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟು, ಸಂಜೆಗೆ ಬಹಳ ಮುಂಚೆ ಬನ್ನಿ. ತಿರುವಿಗೆ ಮೊದಲು ಬೆಲ್ ಮಾಡಿ, ಮಾತನಾಡುತ್ತ ಹೋಗಿ. ಹೊಸ ಲದ್ದಿ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಊರನಾಯಿ ಅಟ್ಟಿಬಂದರೆ ಇಳಿದು, ಸೈಕಲ್ಲನ್ನು ನಡುವೆ ಹಿಡಿದುಕೊಂಡು ನಿಧಾನವಾಗಿ ನಡೆಯಿರಿ. ಓಡುವ ಚಕ್ರವೇ ಅದನ್ನು ಕೆರಳಿಸುವುದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಕೂಡದು. ಆ ಅಂಗವನ್ನು ಅಲುಗಿಸದೆ ಬೇಗನೆ ಆಸ್ಪತ್ರೆಗೆ ಸೇರಿಸಬೇಕು. ಅಭಯಾರಣ್ಯಗಳೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಹೋಗುವಂತಿಲ್ಲ. ಉಳಿದ ಕಾಡುಗಳಿಗೂ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ.

ಬೀಳುವ ಭಯವನ್ನು ಕಡಿಮೆ ಮಾಡುವ ಕೆಲಸ ಮನೆಯಲ್ಲೇ ಆರಂಭವಾಗುತ್ತದೆ. ಹಿಂದೆ ಹೆಂಗಸರ ಸೈಕಲ್ ಎಂದರೆ ಬಾಗಿದ ಚೌಕಟ್ಟು, ಸೀರೆಯ ಸೆರಗು ಸಿಕ್ಕದಂತೆ ಹಿಂದಿನ ಗಾಲಿಗೆ ಬಲೆ. ಬೆಟ್ಟದ ಸೈಕಲ್ಲಿನಲ್ಲಿ ನೋಡಬೇಕಾದ್ದು ಬೇರೆ: ಎರಡೂ ಪಾದ ನೆಲಕ್ಕೂರಿ ನಿಂತಾಗ ಚೌಕಟ್ಟಿನ ಅಡ್ಡಪಟ್ಟಿ ತಾಗದಂತಿರಬೇಕು. ಬ್ರೇಕಿನ ಹಿಡಿ ನಿಮ್ಮ ಬೆರಳಿಗೆ ಎಟುಕಬೇಕು. ಬಹುತೇಕ ಹಿಡಿಗಳಲ್ಲಿ ಇದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ. ಬೆರಳು ಚಿಕ್ಕದಿರುವ ಹೆಂಗಸರು ಇಳಿಜಾರಿಗೆ ಹೆದರುವುದು ಎಷ್ಟೋ ಸಲ ಧೈರ್ಯ ಸಾಲದೆ ಅಲ್ಲ, ಈ ಸ್ಕ್ರೂ ತಿರುಗಿಸದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಹಿಂದಕ್ಕೆ ಜಾರದಿರಲಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ. ಚೀಲದಲ್ಲಿ ಒಂದು ಟ್ಯೂಬು, ಪಂಪು, ಟೈರು ಬಿಚ್ಚುವ ಕಡ್ಡಿ, ಮಡಿಸುವ ಸ್ಪಾನರು, ನೀರು, ಬ್ಯಾಂಡೇಜು ಇರಲಿ. ತಿಂಗಳ ದಿನಗಳ ಸಾಮಾನನ್ನೂ ಸಂಕೋಚವಿಲ್ಲದೆ ಇಟ್ಟುಕೊಳ್ಳಿ; ನಿಮಗಲ್ಲದಿದ್ದರೆ ಜೊತೆಯವಳಿಗೆ ಬೇಕಾದೀತು. ಪಂಚರ್ ಹಾಕುವುದನ್ನು ಮನೆಯ ಅಂಗಳದಲ್ಲೇ ಎರಡು ಸಲ ಮಾಡಿನೋಡಿ.

ಇಳಿಯುವಾಗ ಪೆಡಲುಗಳೆರಡೂ ಸಮಮಟ್ಟದಲ್ಲಿರಲಿ, ಸೀಟಿನಿಂದ ಎದ್ದು ಮೈಯನ್ನು ಹಿಂದಕ್ಕೆ ತನ್ನಿ, ಎರಡೂ ಬ್ರೇಕನ್ನು ಒಂದೊಂದು ಬೆರಳಿನಿಂದ ಹದವಾಗಿ ಒತ್ತಿ. ಕಣ್ಣು ಗಾಲಿಯ ಮೇಲಲ್ಲ, ಹೋಗಬೇಕಾದ ದಾರಿಯ ಮೇಲಿರಲಿ. ನೋಡಿದ ಕಲ್ಲಿಗೇ ಗಾಲಿ ಹೋಗುತ್ತದೆ. ಹತ್ತಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು, ನಡೆಯುವವರಿಗೆ ಇಬ್ಬರೂ ಬಿಡಬೇಕು. ಕಷ್ಟವೆನಿಸಿದ ಕಡೆ ಇಳಿದು ತಳ್ಳಿಕೊಂಡು ನಡೆಯುವುದು ಅವಮಾನವಲ್ಲ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಕೇಳಿದ್ದನ್ನೇ ಕೇಳುವುದು ಕಂಡರೆ ಆಕೆ "ನನಗೇನೂ ಆಗಿಲ್ಲ" ಎಂದರೂ ಸವಾರಿ ಅಲ್ಲಿಗೆ ನಿಲ್ಲಬೇಕು. ಜೊತೆಯವರು ಹಟಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕು.

ಆರಂಭಿಸುವವರಿಗೆ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಅನುಕೂಲ. ಮಣ್ಣು ಗಟ್ಟಿಯಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಮಲೆನಾಡಿನ ಜಿಗಣೆಗಳೂ ಆ ಹೊತ್ತಿಗೆ ಇಳಿದಿರುತ್ತವೆ. ಹತ್ತು ಕಿಲೋಮೀಟರಿಗೆ ಮೀರದ, ಹೊಲದಂಚಿನ ಬಂಡಿಜಾಡು ಒಂದನ್ನು ಆರಿಸಿಕೊಳ್ಳಿ. ತರಗೆಲೆಯ ಕೆಳಗೆ ಪಾಚಿಗಲ್ಲು ಇನ್ನೂ ಒದ್ದೆಯಿರಬಹುದು, ಅಲ್ಲಿ ಮಾತ್ರ ಬ್ರೇಕ್ ಮುಟ್ಟದೆ ನೇರವಾಗಿ ದಾಟಿ.