ಭೂಕಂಪವೋ, ಬಾಂಬೋ? ಶೀತಲ ಸಮರಕ್ಕೆ ಕಿವಿಗೊಟ್ಟ ಬಂಡೆಗಳು

 

ಇವತ್ತಿನ ಕಂತನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. 1963ರ ಆಗಸ್ಟ್ 5ರಂದು ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ದೇಶಗಳು ಮಾಸ್ಕೋದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವಾತಾವರಣದಲ್ಲಿ, ಬಾಹ್ಯಾಕಾಶದಲ್ಲಿ, ನೀರಿನೊಳಗೆ ಇನ್ನು ಮುಂದೆ ಪರಮಾಣು ಬಾಂಬ್ ಪರೀಕ್ಷೆ ಮಾಡುವಂತಿಲ್ಲ ಅನ್ನೋದು ಆ ಒಪ್ಪಂದದ ಸಾರ. ಹಾಗಾದ್ರೆ ನೆಲದಡಿಯಲ್ಲಿ? ವಿಕಿರಣ ತುಂಬಿದ ಧೂಳು ದೇಶದ ಗಡಿ ದಾಟದಿದ್ದರೆ ಸರಿ, ಮಾಡಬಹುದು!

ಮೂರು ಬಾಗಿಲು ಮುಚ್ಚಿ ನಾಲ್ಕನೆಯದನ್ನ ಯಾಕೆ ತೆರೆದೇ ಇಟ್ಟರು? ರಾಜಕೀಯ ಕಾರಣಗಳು ಬೇಕಾದಷ್ಟಿದ್ದವು. ಆದರೆ ಚರ್ಚೆಯ ಮೇಜಿನ ಮೇಲಿದ್ದ ದೊಡ್ಡ ಕಾರಣ ಭೂವಿಜ್ಞಾನದ್ದು. ನೆಲ ನಡುಗಿದಾಗ ಅದು ಭೂಕಂಪವೋ ಬಾಂಬೋ ಅಂತ ಖಚಿತವಾಗಿ ಹೇಳೋಕೆ ಆಗಿನ ವಿಜ್ಞಾನಕ್ಕೆ ಕಷ್ಟವಾಗಿತ್ತು. ಎರಡು ಮಹಾಶಕ್ತಿಗಳ ಪೈಪೋಟಿ ಅಂದ ಕೂಡಲೇ ನಮಗೆ ಬರ್ಲಿನ್ ಗೋಡೆ, ಕ್ಯೂಬಾ, ಚಂದ್ರಯಾನ ನೆನಪಾಗುತ್ತೆ. ಅದೇ ಪೈಪೋಟಿ ಬಂಡೆಗಳ ಒಳಗೂ ನಡೆದಿತ್ತು, ಅದರ ಒಂದು ಎಳೆ ನಮ್ಮ ಗೌರಿಬಿದನೂರಿನವರೆಗೂ ಬಂದಿತ್ತು. ಆ ಕಥೆಯನ್ನೇ ಇವತ್ತು ಹೇಳ್ತೀನಿ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಸಿಡಿಸಿದ್ದು 1949ರ ಆಗಸ್ಟ್ 29ರಂದು, ಇಂದಿನ ಕಜಕಸ್ತಾನದಲ್ಲಿರುವ ಸೆಮಿಪಲಾಟಿನ್‌ಸ್ಕ್‌ನಲ್ಲಿ. ಯಾರಿಗೂ ಹೇಳಲಿಲ್ಲ. ಆದರೂ ಗುಟ್ಟು ಉಳಿಯಲಿಲ್ಲ. ಸೆಪ್ಟೆಂಬರ್ 3ರಂದು ಜಪಾನಿನಿಂದ ಅಲಾಸ್ಕಾ ಕಡೆಗೆ ಹಾರುತ್ತಿದ್ದ ಅಮೆರಿಕದ ವಿಮಾನವೊಂದರ ಶೋಧಕ ಕಾಗದಕ್ಕೆ ವಿಕಿರಣದ ಕಣಗಳು ಅಂಟಿಕೊಂಡವು. ಅದೇ ತಿಂಗಳ 23ಕ್ಕೆ ಅಧ್ಯಕ್ಷ ಟ್ರೂಮನ್ ವಿಷಯವನ್ನು ಜಗತ್ತಿಗೇ ಸಾರಿದರು. ಅಂದ್ರೆ, ಬಯಲಿನಲ್ಲಿ ಬಾಂಬ್ ಸಿಡಿಸಿದರೆ ಗಾಳಿಯೇ ಚಾಡಿ ಹೇಳುತ್ತೆ.

ಗಾಳಿ ಚಾಡಿ ಹೇಳೋದಷ್ಟೇ ಅಲ್ಲ, ವಿಷವನ್ನೂ ಹೊತ್ತು ತರುತ್ತೆ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಒಂದು ಹೈಡ್ರೋಜನ್ ಬಾಂಬ್ ಸಿಡಿಸಿತು. ವಿಜ್ಞಾನಿಗಳ ಅಂದಾಜು ಸುಮಾರು 6 ಮೆಗಾಟನ್, ಸಿಡಿದದ್ದು 15 ಮೆಗಾಟನ್. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ 23 ಜನರ ಮೇಲೆ ಬಿಳಿ ಬೂದಿ ಸುರಿಯಿತು, ಎಲ್ಲರೂ ಕಾಯಿಲೆ ಬಿದ್ದರು. ಅವರಲ್ಲಿ ಒಬ್ಬರು ಆ ವರ್ಷದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಇದಾದ ಒಂದೇ ತಿಂಗಳಿಗೆ, ಏಪ್ರಿಲ್ 2ರಂದು, ನೆಹರೂ ಭಾರತದ ಸಂಸತ್ತಿನಲ್ಲಿ ಪರಮಾಣು ಪರೀಕ್ಷೆಗಳನ್ನ ಇದ್ದಲ್ಲಿಗೇ ನಿಲ್ಲಿಸಿ ಅಂತ ಕರೆ ಕೊಟ್ಟರು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ ತಾಯಂದಿರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನ ವಿಜ್ಞಾನಿಗಳಿಗೆ ಕಳಿಸತೊಡಗಿದರು. ಒಟ್ಟು ಮೂರು ಲಕ್ಷದಷ್ಟು ಹಲ್ಲುಗಳು ಬಂದವು. ಬಾಂಬ್ ಧೂಳಿನ ಸ್ಟ್ರಾನ್ಷಿಯಂ-90 ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿಗೆ, ಅಲ್ಲಿಂದ ಹಲ್ಲಿಗೆ ಬಂದು ಕೂತಿತ್ತು. ನಮ್ಮ ದೇಹಕ್ಕೆ ಸ್ಟ್ರಾನ್ಷಿಯಂ ಕ್ಯಾಲ್ಷಿಯಂನಂತೆಯೇ ಕಾಣುತ್ತೆ, ಹಾಗಾಗಿ ಮೂಳೆ, ಹಲ್ಲುಗಳಲ್ಲಿ ಸೇರಿಕೊಳ್ಳುತ್ತೆ.

ಪರೀಕ್ಷೆ ನಿಲ್ಲಿಸಬೇಕು ಅನ್ನೋ ಒತ್ತಡ ಹೀಗೆ ಏರಿತು. ಆದರೆ ನಿಲ್ಲಿಸ್ತೀವಿ ಅಂತ ಹೇಳಿದವನು ನಿಜವಾಗಿ ನಿಲ್ಲಿಸಿದ್ದಾನೆ ಅಂತ ತಿಳಿಯೋದು ಹೇಗೆ? ಒಬ್ಬರ ಮಾತನ್ನ ಇನ್ನೊಬ್ಬರು ಕವಡೆಯಷ್ಟೂ ನಂಬದ ಕಾಲ ಅದು.

ಅಷ್ಟರಲ್ಲಿ ಹೊಸ ತಲೆನೋವು ಶುರುವಾಯಿತು. 1957ರ ಸೆಪ್ಟೆಂಬರ್ 19ರಂದು ಅಮೆರಿಕ ನೆವಾಡಾದ ಒಂದು ಗುಡ್ಡದೊಳಗೆ ಸುರಂಗ ಕೊರೆದು 1.7 ಕಿಲೋಟನ್ ಬಾಂಬ್ ಸಿಡಿಸಿತು. ಪರೀಕ್ಷೆಯ ಹೆಸರು ರೇನಿಯರ್. ಹೊಗೆ ಬರಲಿಲ್ಲ, ಧೂಳು ಏಳಲಿಲ್ಲ. ಪೂರ್ತಿ ನೆಲದೊಳಗೇ ಅಡಗಿದ ಮೊದಲ ಪರಮಾಣು ಸ್ಫೋಟ ಅದು. ಇದರ ಕಂಪನ ಕೆಲವು ನೂರು ಮೈಲಿ ಆಚೆಗೆ ದಾಖಲಾಗಿಲ್ಲ ಅಂತ ಅಮೆರಿಕದ ಅಣುಶಕ್ತಿ ಆಯೋಗ ಹೇಳಿಕೆ ಕೊಟ್ಟಿತು. ಐ. ಎಫ್. ಸ್ಟೋನ್ ಅನ್ನೋ ಪತ್ರಕರ್ತ ಅದನ್ನ ಸುಮ್ಮನೆ ಒಪ್ಪದೆ, ಸರ್ಕಾರದ್ದೇ ಇನ್ನೊಂದು ಕಚೇರಿಯ ಭೂಕಂಪ ತಜ್ಞರನ್ನು ವಿಚಾರಿಸಿದರು. ಎರಡು ಸಾವಿರ ಮೈಲಿಗೂ ಹೆಚ್ಚು ದೂರದ ಅಲಾಸ್ಕಾದಲ್ಲೂ ಕಂಪನ ದಾಖಲಾಗಿತ್ತು! ಆಯೋಗ ತನ್ನ ಹೇಳಿಕೆ ತಿದ್ದಿಕೊಳ್ಳಬೇಕಾಯಿತು. ಗಮನಿಸಿ, ಸಿಡಿದದ್ದು ಕೇಳಿಸುತ್ತೋ ಇಲ್ಲವೋ ಅನ್ನೋದು ಬರೀ ವಿಜ್ಞಾನದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಕೇಳಿಸಲ್ಲ ಅಂದ್ರೆ ಒಪ್ಪಂದವೇ ಬೇಡ ಅನ್ನೋರ ಕೈ ಮೇಲಾಗುತ್ತಿತ್ತು.

ಈಗ ವಿಜ್ಞಾನದ ಭಾಗಕ್ಕೆ ಬರೋಣ. ಭೂಕಂಪಕ್ಕೂ ಬಾಂಬಿಗೂ ಏನು ವ್ಯತ್ಯಾಸ?

ನಿಮ್ಮ ಎರಡೂ ಅಂಗೈಗಳನ್ನ ಒತ್ತಿ ಹಿಡಿದು, ಒಂದನ್ನ ಮುಂದಕ್ಕೆ, ಇನ್ನೊಂದನ್ನ ಹಿಂದಕ್ಕೆ ತಳ್ಳಿ. ಸ್ವಲ್ಪ ಹೊತ್ತು ಅಂಟಿಕೊಂಡಿದ್ದು, ಆಮೇಲೆ ಸರ್ರನೆ ಜಾರುತ್ತವೆ. ಭೂಕಂಪ ಅಂದ್ರೆ ಇದೇ, ಎರಡು ಬಂಡೆಗಳ ಜಾರಾಟ. ಜಾರುವಾಗ ಒಂದು ದಿಕ್ಕಿನ ನೆಲವನ್ನ ತಳ್ಳುತ್ತೆ, ಇನ್ನೊಂದು ದಿಕ್ಕಿನದ್ದನ್ನ ಎಳೆಯುತ್ತೆ. ಬಾಂಬ್ ಹಾಗಲ್ಲ. ಕಲ್ಲುಗಣಿಯಲ್ಲಿ ಬಂಡೆಯೊಳಗೆ ಸಿಡಿಮದ್ದು ಇಟ್ಟ ಹಾಗೆ, ಎಲ್ಲ ದಿಕ್ಕಿಗೂ ಒಂದೇ ಸಲ ಹೊರಕ್ಕೆ ತಳ್ಳುತ್ತೆ.

ಇದರಿಂದ ಅಲೆಗಳೂ ಬೇರೆಯಾಗುತ್ತವೆ. ಮೊದಲು ಬರೋದು ಒತ್ತಡದ ಅಲೆ, ಭೂಮಿಯ ಒಳಗಿನಿಂದ ವೇಗವಾಗಿ ಬರುತ್ತೆ. ಕೊನೆಗೆ ಬರೋದು ಮೇಲ್ಮೈ ಅಲೆ, ಕೆರೆಯ ನೀರಿನ ಅಲೆಯಂತೆ ನೆಲದ ಮೇಲ್ಪದರದಲ್ಲೇ ನಿಧಾನಕ್ಕೆ ಸಾಗುತ್ತೆ. ಒತ್ತಡದ ಅಲೆ ಸಮನಾಗಿದ್ದರೂ ಭೂಕಂಪದ ಮೇಲ್ಮೈ ಅಲೆ ದೊಡ್ಡದು, ಬಾಂಬಿನದ್ದು ಚಿಕ್ಕದು. ಎರಡರ ಅನುಪಾತ ನೋಡಿದರೆ ಕಳ್ಳ ಸಿಕ್ಕಿಬೀಳ್ತಾನೆ. ಜೊತೆಗೆ ಆಳವನ್ನೂ ನೋಡಬಹುದು. ಕಂಪನ 40 ಕಿಲೋಮೀಟರ್ ಆಳದಿಂದ ಬಂದಿದ್ದರೆ ಅಷ್ಟು ಆಳಕ್ಕೆ ಬಾಂಬ್ ಇಳಿಸೋಕೆ ಯಾರಿಂದಲೂ ಆಗಲ್ಲ.

ಇಷ್ಟು ಸುಲಭ ಇದ್ದರೆ ಜಗಳ ಯಾಕೆ ಬಂತು? ಈ ತಿಳಿವಳಿಕೆಯಲ್ಲಿ ಬಹುಪಾಲು ಗಟ್ಟಿಯಾದದ್ದು ಆ ಜಗಳದಿಂದಾಗಿಯೇ, ಅದೂ 1963ರ ನಂತರ. 1958ರ ಜುಲೈನಿಂದ ಆಗಸ್ಟ್‌ವರೆಗೆ ಎರಡೂ ಬಣಗಳ ವಿಜ್ಞಾನಿಗಳು ಜಿನೀವಾದಲ್ಲಿ ಸೇರಿದ್ದರು. ನೆಲದ ಮೇಲೆ 160ರಿಂದ 170 ಕೇಂದ್ರಗಳು, ಸಮುದ್ರದಲ್ಲಿ ಸುಮಾರು 10 ಹಡಗುಗಳು ಇದ್ದರೆ 5 ಕಿಲೋಟನ್‌ವರೆಗಿನ ಸ್ಫೋಟಗಳನ್ನ ಹಿಡಿಯಬಹುದು ಅಂತ ಒಮ್ಮತಕ್ಕೂ ಬಂದರು. 5 ಕಿಲೋಟನ್ ಅಂದ್ರೆ ಹಿರೋಶಿಮಾ ಬಾಂಬಿನ ಮೂರನೇ ಒಂದು ಭಾಗ. ಆದರೆ ಅದೇ ಅಕ್ಟೋಬರ್‌ನಲ್ಲಿ ನೆವಾಡಾದಲ್ಲಿ ನಡೆದ ಹೊಸ ಪರೀಕ್ಷೆಗಳು ಲೆಕ್ಕ ಕೆಡಿಸಿದವು. ಕಂಪನಗಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿದ್ದವು. ಪ್ರಪಂಚದಲ್ಲಿ ವರ್ಷಕ್ಕೆ 4ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳೇ ಹತ್ತು ಸಾವಿರಕ್ಕೂ ಹೆಚ್ಚು. ಬಾಂಬಿನ ಸದ್ದು ಚಿಕ್ಕದಾದಷ್ಟೂ ಅನುಮಾನದ ಪಟ್ಟಿ ಉದ್ದವಾಗುತ್ತೆ. ಸಾಲದ್ದಕ್ಕೆ, ದೊಡ್ಡ ಗುಹೆ ಕೊರೆದು ಅದರ ನಡುವೆ ಬಾಂಬ್ ಸಿಡಿಸಿದರೆ ಕಂಪನ ನೂರಾರು ಪಟ್ಟು ಕಮ್ಮಿಯಾಗಬಹುದು ಅನ್ನೋ ಸಿದ್ಧಾಂತವೂ ಬಂತು.

ಹಾಗಾದ್ರೆ ಅನುಮಾನ ಬಂದ ಜಾಗಕ್ಕೇ ಹೋಗಿ ನೋಡೋಣ ಅಂತ ಅಮೆರಿಕ ಹೇಳಿತು. ಅದು ಗೂಢಚರ್ಯೆ ಅಂದಿತು ಸೋವಿಯತ್. ವರ್ಷಗಟ್ಟಲೆ ಚೌಕಾಸಿ ನಡೆಯಿತು. ಅಮೆರಿಕ ವರ್ಷಕ್ಕೆ 20 ಭೇಟಿ ಅಂತ ಶುರು ಮಾಡಿ, 1963ರ ಹೊತ್ತಿಗೆ 7ಕ್ಕೆ ಇಳಿಯಿತು. ಕ್ರುಶ್ಚೇವ್ 3ರ ಮೇಲೆ ಹೋಗಲಿಲ್ಲ. 7ಕ್ಕೂ 3ಕ್ಕೂ ನಡುವಿನ ಆ ನಾಲ್ಕು ಭೇಟಿಗಳ ಸಂದಿಯಲ್ಲಿ ಪೂರ್ಣ ನಿಷೇಧ ಜಾರಿಹೋಯಿತು. ಈ ಮಧ್ಯೆ 1961ರ ಅಕ್ಟೋಬರ್ 30ರಂದು ಸೋವಿಯತ್ ಸುಮಾರು 50 ಮೆಗಾಟನ್ ಬಾಂಬ್ ಸಿಡಿಸಿತ್ತು, ಮರುವರ್ಷ ಕ್ಯೂಬಾ ಬಿಕ್ಕಟ್ಟು ಬಂದುಹೋಗಿತ್ತು. ಇಬ್ಬರಿಗೂ ಏನಾದರೂ ಒಂದು ಒಪ್ಪಂದ ಬೇಕಿತ್ತು. ಗಾಳಿ, ನೀರು, ಆಕಾಶದಲ್ಲಿ ಯಾರ ಮನೆಗೂ ಹೋಗದೆ ಪತ್ತೆ ಮಾಡಬಹುದಿತ್ತು. ಅಷ್ಟಕ್ಕೆ ಸಹಿ ಬಿತ್ತು. ಅಳೆಯೋಕೆ ಆಗೋದು ಎಲ್ಲಿಗೆ ನಿಂತಿತೋ ಒಪ್ಪಂದದ ಗೆರೆಯೂ ಅಲ್ಲಿಗೇ ನಿಂತಿತು.

ಇಲ್ಲಿಗೆ ಗೌರಿಬಿದನೂರು ಬರುತ್ತೆ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಅಲ್ಲಿನ ರೇಡಿಯೋ ದೂರದರ್ಶಕದ ಹೆಸರು ಹಲವರು ಕೇಳಿರ್ತೀರಿ, ಆದರೆ ಅದಕ್ಕಿಂತ ಮೊದಲೇ, 1965ರಲ್ಲಿ, ಭಾರತದ ಅಣುಶಕ್ತಿ ಇಲಾಖೆ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ ಅಲ್ಲಿ 20 ಭೂಕಂಪಮಾಪಕಗಳ ಒಂದು ಸಾಲನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ನೆಟ್ಟಿತು. ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರ್‌ಗೂ ಉದ್ದ. ಇದೇ ಬಗೆಯ ಸಾಲುಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾದಲ್ಲೂ ಬಂದವು. ಈ ದೇಶಗಳಲ್ಲಿರೋ ಕೇಳುಗರೇ, ನೀವಿರೋ ನಾಡಿಗೂ ಗೌರಿಬಿದನೂರಿಗೂ ಹೀಗೊಂದು ನಂಟಿದೆ!

20 ಮಾಪಕ ಯಾಕೆ, ಒಂದು ಸಾಲದಾ? ಸಂತೆಯ ಗದ್ದಲದಲ್ಲಿ ದೂರದಿಂದ ಯಾರೋ ಕೂಗ್ತಿದ್ದಾರೆ ಅಂದುಕೊಳ್ಳಿ. ಒಬ್ಬನೇ ನಿಂತು ಕೇಳಿದರೆ ಅಕ್ಕಪಕ್ಕದ ಮಾತಿನಲ್ಲಿ ಆ ಕೂಗು ಮುಳುಗುತ್ತೆ. ಇಪ್ಪತ್ತು ಜನ ದೂರದೂರ ನಿಂತು, ಕೇಳಿಸಿದ್ದನ್ನ ಆಮೇಲೆ ಜೋಡಿಸಿದರೆ? ಒಬ್ಬೊಬ್ಬರ ಪಕ್ಕದ ಗದ್ದಲ ಒಂದೊಂದು ಥರ, ಅವು ಒಂದನ್ನೊಂದು ಅಳಿಸಿಹಾಕುತ್ತವೆ. ದೂರದ ಕೂಗು ಮಾತ್ರ ಎಲ್ಲರಿಗೂ ಒಂದೇ, ಅದು ಉಳಿಯುತ್ತೆ. ಲೆಕ್ಕದ ಪ್ರಕಾರ 20 ಮಾಪಕಗಳಿದ್ದರೆ ಸದ್ದು ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟವಾಗುತ್ತೆ. ಅಲೆ ಯಾವ ಮಾಪಕಕ್ಕೆ ಮೊದಲು ಮುಟ್ಟಿತು ಅನ್ನೋದರಿಂದ ದಿಕ್ಕೂ ತಿಳಿಯುತ್ತೆ.

ಜಾಗದ ಆಯ್ಕೆಗೂ ಅರ್ಥವಿತ್ತು. ಗೌರಿಬಿದನೂರಿನ ಕೆಳಗಿರೋದು ತುಂಬಾ ಹಳೆಯ, ಗಟ್ಟಿಯಾದ ಕಗ್ಗಲ್ಲು. ಸಮುದ್ರದ ಮೊರೆತವೂ ದೂರ. ಸೆಮಿಪಲಾಟಿನ್‌ಸ್ಕ್ ಅಲ್ಲಿಂದ ಸುಮಾರು 4,000 ಕಿಲೋಮೀಟರ್. ಅಷ್ಟು ದೂರದಲ್ಲಿ ಒತ್ತಡದ ಅಲೆ ಭೂಮಿಯ ಆಳದಿಂದ ಸ್ವಚ್ಛವಾಗಿ ಬರುತ್ತೆ. ಯಾವ ಬಣಕ್ಕೂ ಸೇರದ ಭಾರತ ಈ ಕೆಲಸಕ್ಕೆ ಸುಮ್ಮನೆ ಕೈಜೋಡಿಸಲಿಲ್ಲ. ಮಹಾಶಕ್ತಿಗಳು ಪರಸ್ಪರ ನಂಬದಿದ್ದರೆ ಅಂತಾರಾಷ್ಟ್ರೀಯ ವಿಜ್ಞಾನಿಗಳ ಸಮಿತಿಯೊಂದು ಮಾಹಿತಿ ಪರಿಶೀಲಿಸಲಿ ಅಂತ 1962ರ ಏಪ್ರಿಲ್‌ನಲ್ಲಿ ಎಂಟು ಅಲಿಪ್ತ ದೇಶಗಳು ಸಲಹೆ ಕೊಟ್ಟಿದ್ದವು. ಭಾರತ ಅವುಗಳಲ್ಲಿ ಒಂದು.

ಅತ್ತ ಅಮೆರಿಕವೂ ಸುಮಾರು 60 ದೇಶಗಳಲ್ಲಿ 120ರಷ್ಟು ಕೇಂದ್ರಗಳನ್ನ ಒಂದೇ ಬಗೆಯ ಉಪಕರಣಗಳೊಂದಿಗೆ ಸ್ಥಾಪಿಸಿತು. ನಮ್ಮಲ್ಲಿ ಕೊಡೈಕೆನಾಲ್, ಶಿಲ್ಲಾಂಗ್‌ಗಳಲ್ಲೂ ಇದ್ದವು. ಬಾಂಬ್ ಹುಡುಕೋಕೆ ಅಂತ ಹಾಕಿದ ಜಾಲ ಇನ್ನೊಂದು ದೊಡ್ಡ ಉಪಕಾರ ಮಾಡಿತು. ಭೂಕಂಪಗಳು ಎಲ್ಲಿ, ಯಾವ ದಿಕ್ಕಿಗೆ ಜಾರಿ ಆಗುತ್ತವೆ ಅಂತ ನಿಖರವಾಗಿ ಗೊತ್ತಾಯಿತು. 1967-68ರಲ್ಲಿ ಲಿನ್ ಸೈಕ್ಸ್ ಮತ್ತು ಸಹೋದ್ಯೋಗಿಗಳು ಅದೇ ಮಾಹಿತಿಯಿಂದ, ಭೂಮಿಯ ಹೊರಪದರ ಫಲಕಗಳಾಗಿ ಚಲಿಸುತ್ತೆ ಅನ್ನೋದಕ್ಕೆ ಬಲವಾದ ಸಾಕ್ಷ್ಯ ಕೊಟ್ಟರು.

ಆದರೂ ಅಪನಂಬಿಕೆ ಮುಗಿಯಲಿಲ್ಲ. 1974ರಲ್ಲಿ, ನೆಲದಡಿಯ ಪರೀಕ್ಷೆಗಳು 150 ಕಿಲೋಟನ್ ಮೀರಬಾರದು ಅಂತ ಇನ್ನೊಂದು ಒಪ್ಪಂದವಾಯಿತು. 1984ರ ಹೊತ್ತಿಗೆ ರೇಗನ್ ಸರ್ಕಾರ, ಸೋವಿಯತ್ ಬಹುಶಃ ಮಿತಿ ಮೀರಿದೆ ಅಂತ ಆರೋಪ ಮಾಡಿತು. ಸೋವಿಯತ್ ಬಾಂಬುಗಳ ಕಂಪನ ನಿಜಕ್ಕೂ ದೊಡ್ಡದಾಗಿ ದಾಖಲಾಗ್ತಿತ್ತು. ಆದರೆ ಆ ಕಂಪನವನ್ನ ಅಳೆದದ್ದು ಯಾವ ಮಾನದಂಡದಿಂದ? ನೆವಾಡಾದ ಮಾನದಂಡದಿಂದ. ಒಂದು ಕಂಚಿನ ಗಂಟೆಯನ್ನೂ ಒಂದು ಹಸಿ ಮಣ್ಣಿನ ಮಡಕೆಯನ್ನೂ ಒಂದೇ ಬಲದಿಂದ ಬಡಿದು ನೋಡಿ. ಕಜಕಸ್ತಾನದ ಕೆಳಗಿನ ಬಂಡೆ ಹಳೆಯದು, ತಣ್ಣಗಿನದು, ಗಂಟೆಯ ಹಾಗೆ ಮೊಳಗುತ್ತೆ. ನೆವಾಡಾದ ಕೆಳಗೆ ಬಿಸಿ ಹೆಚ್ಚು, ಅದು ಅಲೆಯನ್ನ ನುಂಗುತ್ತೆ. ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿದರೆ ಸೋವಿಯತ್ ಮಿತಿಯೊಳಗೇ ಇದೆ ಅಂತ ಸೈಕ್ಸ್ ಥರದ ವಿಜ್ಞಾನಿಗಳು ವಾದಿಸಿದರು. 1988ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಸಿದ ತಾಂತ್ರಿಕ ವರದಿಯೂ ಅದನ್ನೇ ಹೇಳಿತು. ಬಂಡೆಯ ಗುಣವನ್ನ ಮನುಷ್ಯರ ಮೋಸ ಅಂತ ಓದಿದ್ದರು, ನೋಡಿ.

ಅದಕ್ಕೂ ಮೊದಲೇ, 1986ರ ಜುಲೈನಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿ ಮತ್ತು ಅಮೆರಿಕದ ಒಂದು ಖಾಸಗಿ ಪರಿಸರ ಸಂಸ್ಥೆ ಸೇರಿ ಸೆಮಿಪಲಾಟಿನ್‌ಸ್ಕ್ ಸುತ್ತ ಅಮೆರಿಕದ ಮಾಪಕಗಳನ್ನ ಇಟ್ಟವು. 1988ರ ಆಗಸ್ಟ್‌ನಲ್ಲಿ ಸೋವಿಯತ್ ತಜ್ಞರು ನೆವಾಡಾಕ್ಕೆ ಹೋಗಿ ಸ್ಫೋಟ ಅಳೆದರು, ಸೆಪ್ಟೆಂಬರ್‌ನಲ್ಲಿ ಅಮೆರಿಕದವರು ಸೆಮಿಪಲಾಟಿನ್‌ಸ್ಕ್‌ಗೆ ಹೋದರು. 1963ರಲ್ಲಿ ಗೂಢಚರ್ಯೆ ಅಂತ ತಳ್ಳಿಹಾಕಿದ್ದನ್ನ 25 ವರ್ಷಗಳ ನಂತರ ಇಬ್ಬರೂ ಮಾಡಿದರು. ಆದರೆ ಆ ತೆರೆದ ಬಾಗಿಲಿನ ಬೆಲೆ ಏನು? ಜಗತ್ತಿನಲ್ಲಿ ನಡೆದ ಎರಡು ಸಾವಿರಕ್ಕೂ ಹೆಚ್ಚು ಪರಮಾಣು ಪರೀಕ್ಷೆಗಳಲ್ಲಿ ಸುಮಾರು ಮುಕ್ಕಾಲು ಪಾಲು ನೆಲದಡಿಯಲ್ಲೇ ನಡೆದವು.

1996ರಲ್ಲಿ ಪೂರ್ಣ ನಿಷೇಧದ ಒಪ್ಪಂದ ಸಿದ್ಧವಾಯಿತು. ಅದರ ಜಾಲದಲ್ಲಿ ಭೂಕಂಪ ಕೇಂದ್ರಗಳ ಸಂಖ್ಯೆಯೂ 170! 2006ರಲ್ಲಿ ಉತ್ತರ ಕೊರಿಯಾ ಸಿಡಿಸಿದ, ಒಂದು ಕಿಲೋಟನ್‌ಗೂ ಕಮ್ಮಿ ಇದ್ದ ಬಾಂಬನ್ನು ಆ ಜಾಲ ಹಿಡಿಯಿತು. ಆದರೆ ಒಪ್ಪಂದ ಇಂದಿಗೂ ಜಾರಿಗೆ ಬಂದಿಲ್ಲ. ಅಮೆರಿಕ ಸಹಿ ಹಾಕಿಯೂ ಅನುಮೋದಿಸಿಲ್ಲ, ರಷ್ಯಾ 2023ರಲ್ಲಿ ತನ್ನ ಅನುಮೋದನೆ ಹಿಂತೆಗೆದುಕೊಂಡಿತು, ಭಾರತ ಸಹಿಯನ್ನೇ ಹಾಕಿಲ್ಲ.

1963ರಲ್ಲಿ ಕೇಳಿಸಲ್ಲ ಅನ್ನೋ ಕಾರಣಕ್ಕೆ ಬಾಗಿಲು ತೆರೆದಿಟ್ಟರು. ಈಗ ಚೆನ್ನಾಗಿಯೇ ಕೇಳಿಸುತ್ತೆ. ಹಾಗಾಗಿ ಇನ್ನು ಉಳಿದಿರೋದು ವಿಜ್ಞಾನದ ನೆಪವಲ್ಲ, ರಾಜಕೀಯದ ಮನಸ್ಸು. ಮುಂದೆ ಯಾರಾದರೂ ‘ಪರಿಶೀಲಿಸೋಕೆ ಆಗಲ್ಲ, ಅದಕ್ಕೇ ಒಪ್ಪಂದ ಬೇಡ’ ಅಂದಾಗ, ಆಗಲ್ವೋ ಅಥವಾ ಬೇಡವೋ ಅಂತ ಕೇಳೋದು ನಮ್ಮ ಕೆಲಸ.