ಪರದೇಶದ ನೌಕರಿಗೆ ಅನುಭವದ ರುಜುವಾತು

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳು ದಿನಪತ್ರಿಕೆ ಮಡಿಸಿಟ್ಟ ಮೇಲೆ ಜೇಬಿನಿಂದ ಒಂದು ಕಾಗದ ತೆಗೆದು, “ಇದು ಅಮೇರಿಕದವರಿಗೆ ಸಾಕಾದೀತೇ?” ಎಂದು ಕೇಳುವುದುಂಟು. ಕಾಗದವು ಸಾಮಾನ್ಯವಾಗಿ ಮೂರು ಸಾಲಿನದು. ಇಂಥವರು ನಮ್ಮಲ್ಲಿ ಕೆಲಸ ಮಾಡಿದರು, ನಡತೆ ಒಳ್ಳೆಯದು, ಅವರಿಗೆ ಶುಭವಾಗಲಿ ಎಂದಿಷ್ಟೇ. ಇಂಥ ಕಾಗದಗಳನ್ನು ಬರೆಯುವುದು ನಮ್ಮ ಗುಮಾಸ್ತಗಿರಿಯ ಒಂದು ಭಾಗವಾದುದರಿಂದ ಅವುಗಳ ಬೆಲೆ ಎಷ್ಟೆಂಬುದು ನಮಗೆ ಗೊತ್ತು. ಬಾಡಿಗೆ ಮನೆ ಹಿಡಿಯಲು ಅದು ಸಾಕು. ವಲಸೆ ವೀಸಾಕ್ಕೆ ಸಾಲದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ‘ಲೇಬರ್ ಸರ್ಟಿಫಿಕೇಟು’ ಎಂಬುದು ಕೆಲಸಗಾರನಿಗೆ ಸಿಗುವ ಯೋಗ್ಯತಾಪತ್ರವಲ್ಲ. ಅದು ಅಲ್ಲಿಯ ಮಾಲೀಕನಿಗೆ ಅಮೇರಿಕದ ಕಾರ್ಮಿಕ ಇಲಾಖೆ ಕೊಡುವ ಮಂಜೂರಾತಿ. ಈ ಕೆಲಸಕ್ಕೆ ಅರ್ಹನಾದ, ಒಪ್ಪಿ ಬರುವ ಕೆಲಸಗಾರ ಅಲ್ಲಿ ದೊರೆಯಲಿಲ್ಲ. ಹೊರಗಿನವನನ್ನು ಕರೆಸುವುದರಿಂದ ಅಲ್ಲಿಯವರ ಪಗಾರಕ್ಕೆ ಧಕ್ಕೆಯಿಲ್ಲ ಎಂಬುದೇ ಅದರ ತಾತ್ಪರ್ಯ. 1965ರ ವಲಸೆ ಕಾಯಿದೆಯಿಂದ ಈ ಕಟ್ಟಳೆ ಬಿಗಿಯಾಯಿತು. 2005ರ ಮಾರ್ಚಿನಿಂದ ‘ಪರ್ಮ್’ ಎಂಬ ಪದ್ಧತಿಯಲ್ಲಿ ಅರ್ಜಿಗಳು ನಡೆಯುತ್ತಿವೆ. ಮಾಲೀಕನು ಆ ಪ್ರದೇಶದಲ್ಲಿ ಆ ಕೆಲಸಕ್ಕೆ ನಡೆಯುವ ಪಗಾರವನ್ನು ಇಲಾಖೆಯಿಂದ ಗೊತ್ತುಮಾಡಿಸಿಕೊಂಡು, ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅಲ್ಲಿಯ ರಾಜ್ಯ ಸರಕಾರದ ಉದ್ಯೋಗ ಕಚೇರಿಯಲ್ಲಿ 30 ದಿವಸ ನೌಕರಿಯನ್ನು ಪ್ರಕಟಿಸಿದ ಮೇಲೆಯೇ ಅರ್ಜಿ ಹಾಕತಕ್ಕದ್ದು. ಮಂಜೂರಾದ ಪತ್ರಕ್ಕೆ 180 ದಿವಸದ ಆಯುಷ್ಯ. ಅಷ್ಟರೊಳಗೆ ವಲಸೆ ಇಲಾಖೆಗೆ ಮುಂದಿನ ಅರ್ಜಿ ಹೋಗಬೇಕು. ನರ್ಸುಗಳಿಗೆ ಈ ಜಾಹೀರಾತಿನ ಪರೀಕ್ಷೆಯಿಂದ ವಿನಾಯಿತಿ ಉಂಟು.

2007ರ ಜುಲೈಯಿಂದ ಈ ಮಂಜೂರಾತಿಯ ಖರ್ಚನ್ನೂ ಮಾಲೀಕನ ವಕೀಲರ ಫೀಯನ್ನೂ ಮಾಲೀಕನೇ ಭರಿಸಬೇಕು. ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಹೀಗಿರುವಾಗ ಹೈದರಾಬಾದಿನಲ್ಲಿ ಕೂತು “ಲೇಬರ್ ಮಾಡಿಸಿಕೊಡುತ್ತೇವೆ, ಇಷ್ಟು ಲಕ್ಷ ಇಡಿರಿ” ಎನ್ನುವವನ ಮಾತು ಎಂಥದೆಂದು ವಾಚಕರೇ ಅಳೆದುಕೊಳ್ಳಬಹುದು.

ಕೆಲಸಗಾರನ ಪಾಲಿಗೆ ಉಳಿಯುವುದು ಅನುಭವದ ರುಜುವಾತು. ಮೂರನೆಯ ವರ್ಗದಲ್ಲಿ ಕುಶಲ ಕೆಲಸಗಾರನೆನಿಸಲು ಕನಿಷ್ಠ 2 ವರ್ಷದ ಅನುಭವ ಅಥವಾ ತರಬೇತಿ ಬೇಕು. ಎರಡನೆಯ ವರ್ಗಕ್ಕೆ ಸ್ನಾತಕೋತ್ತರ ಪದವಿ, ಇಲ್ಲವೆ ಪದವಿಯಾದ ಮೇಲೆ ಮೇಲ್ಮೇಲಕ್ಕೆ ಏರಿದ 5 ವರ್ಷದ ಅನುಭವ. ಮಾಲೀಕನ ಪರ್ಮ್ ಅರ್ಜಿ ದಾಖಲಾಗುವ ದಿನಕ್ಕೇ ಇದು ಪೂರ್ತಿಯಾಗಿರಬೇಕು. ಆಮೇಲೆ ದುಡಿದದ್ದು ಲೆಕ್ಕಕ್ಕೆ ಬಾರದು.

ಇನ್ನು ಪತ್ರದ ಮಾತು. ಬರೆದುಕೊಡುವವರ ಹೆಸರು, ಹುದ್ದೆ, ವಿಳಾಸ, ಮತ್ತು ನೌಕರನು ಮಾಡುತ್ತಿದ್ದ ಕೆಲಸದ ಖಚಿತ ವಿವರ—ಇವನ್ನು ನಿಯಮವೇ ಕೇಳುತ್ತದೆ. ಸೇರಿದ ತಾರೀಖು, ಬಿಟ್ಟ ತಾರೀಖು, ಪೂರ್ಣಾವಧಿಯ ಕೆಲಸವೋ ಅರ್ಧ ವೇಳೆಯದೋ, ವಾರಕ್ಕೆ ಎಷ್ಟು ತಾಸು, ಇವೂ ಇರಲಿ. ‘ಫಿಟ್ಟರ್ ಆಗಿದ್ದರು’ ಎಂದರೆ ಏನೂ ಹೇಳಿದಂತಾಗಲಿಲ್ಲ. ನೂಲುವ ಯಂತ್ರದ ಬೇರಿಂಗು ಬದಲಿಸುತ್ತಿದ್ದರೇ, ನಕ್ಷೆ ನೋಡಿ ಭಾಗ ಜೋಡಿಸುತ್ತಿದ್ದರೇ, ಕೈಕೆಳಗೆ ಎಷ್ಟು ಹೆಲ್ಪರುಗಳಿದ್ದರು ಎಂದು ಬರೆಯಿಸಬೇಕು. ಸಾಹೇಬರು ಇಷ್ಟೆಲ್ಲ ಬರೆಯಲು ಬೇಸರಪಡುತ್ತಾರೆ. ನೀವೇ ವಿವರವನ್ನು ಒಂದು ಹಾಳೆಯಲ್ಲಿ ಬರೆದು ದಫ್ತರದ ಗುಮಾಸ್ತನ ಕೈಗಿತ್ತರೆ ಅವನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ ಟೈಪು ಮಾಡಿಸಿ ಸಹಿಗೆ ಇಡುತ್ತಾನೆ. ಗುಮಾಸ್ತನಿಗೂ ಅದೇ ಸುಲಭ. ಕೇಳಲು ಸಂಕೋಚ ಬೇಡ. ಕಾಯಂ ಕೆಲಸಗಾರನಿಗೆ ಸೇವಾಪತ್ರ ಸಲ್ಲಬೇಕೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆಯ ಮಾದರಿ ನಿಯಮಗಳಲ್ಲೇ ಬರೆದಿತ್ತು.

ನೌಕರಿ ಬಿಡುವ ದಿನವೇ ಪತ್ರ ಪಡೆಯಬೇಕೆನ್ನಲು ಕಾರಣವಿದೆ. ಭಾರತದವರ ಸರದಿ ಬಹಳ ಉದ್ದ. 2025ರಲ್ಲಿ ಮೂರನೆಯ ವರ್ಗದಲ್ಲಿ ಸರದಿ ಬಂದದ್ದು 2013ರ ಆಚೀಚೆ ಅರ್ಜಿ ದಾಖಲಾದವರಿಗೆ. ಹನ್ನೆರಡು ವರ್ಷದಲ್ಲಿ ಸಾಹೇಬರು ನಿವೃತ್ತರಾಗುತ್ತಾರೆ, ಕಾರಖಾನೆಯೇ ಇಲ್ಲವಾಗುತ್ತದೆ. ವರಂಗಲ್ಲಿನ ಆಜಂ ಜಾಹಿ ಗಿರಣಿ, ನಮ್ಮ ಕಲಬುರಗಿಯ ಎಂ.ಎಸ್.ಕೆ. ಗಿರಣಿ ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಲೀಕನ ಪತ್ರ ಸಿಗುವಂತೆಯೇ ಇಲ್ಲದಿದ್ದರೆ ದಾರಿ ಪೂರ್ತಿ ಮುಚ್ಚಿತೆಂದಲ್ಲ. ಏಕೆ ಸಿಗಲಿಲ್ಲವೆಂಬುದನ್ನು ತೋರಿಸಿ ಬೇರೆ ದಾಖಲೆಗಳನ್ನು ಒದಗಿಸಬಹುದು: ನೇಮಕದ ಆಜ್ಞೆ, ಪಗಾರ ಚೀಟಿ, ಇ.ಎಸ್.ಐ. ಕಾರ್ಡು, ಫಾರಂ 16, ಭವಿಷ್ಯ ನಿಧಿಯ ಪಾಸ್‌ಬುಕ್ಕು. ಆದರೆ ಭವಿಷ್ಯ ನಿಧಿಯ ಲೆಕ್ಕವು ಮಾಲೀಕನ ಹೆಸರನ್ನೂ ತಿಂಗಳುಗಳನ್ನೂ ತೋರಿಸುತ್ತದೆಯೇ ಹೊರತು ನೀವು ಮಾಡಿದ ಕೆಲಸವನ್ನಲ್ಲ. ಆ ಕೊರತೆಯನ್ನು ಜೊತೆಗಾರರು, ಮೇಸ್ತ್ರಿಗಳು ತುಂಬಬೇಕು. ಕಣ್ಣಾರೆ ಕಂಡ ಕನಿಷ್ಠ ಇಬ್ಬರು, ಅರ್ಜಿಯಲ್ಲಿ ಪಾಲುದಾರರಲ್ಲದವರು, ತಾವು ಅಲ್ಲಿ ಯಾವಾಗ ಏನಾಗಿದ್ದೆವು ಎಂಬುದನ್ನೂ ಸೇರಿಸಿ ಪ್ರಮಾಣಪತ್ರ ಬರೆದುಕೊಡಬೇಕು. ಹಳೆಯ ಜೊತೆಗಾರರ ವಿಳಾಸ ಇಟ್ಟುಕೊಳ್ಳುವುದು ಇದಕ್ಕಾಗಿಯೂ ಒಳ್ಳೆಯದು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಮಸ್ಟರಿನಲ್ಲಿ ‘ಬಸಪ್ಪ ತಂದೆ ಶರಣಪ್ಪ’, ಶಾಲೆಯ ದಾಖಲೆಯಲ್ಲಿ ಮನೆತನದ ಹೆಸರು ಸೇರಿದ ಬಸವರಾಜ, ಪಾಸ್‌ಪೋರ್ಟಿನಲ್ಲಿ ಮೂರನೆಯದೊಂದು. ಮೂವರೂ ಒಬ್ಬನೇ ಎಂಬುದು ಊರಿಗೆ ಗೊತ್ತು, ಅಧಿಕಾರಿಗೆ ಗೊತ್ತಿಲ್ಲ. ಪತ್ರವನ್ನು ಪಾಸ್‌ಪೋರ್ಟಿನ ಹೆಸರಿಗೇ ಪಡೆದು, ದಫ್ತರದಲ್ಲಿರುವ ಹೆಸರೂ ಇವರದೇ ಎಂದು ಅದರಲ್ಲೇ ಒಂದು ಸಾಲು ಹಾಕಿಸಿರಿ.

ಅನುಭವದ ಪತ್ರಗಳನ್ನು ಮಾರುವವರೂ ನಗರದಲ್ಲಿದ್ದಾರೆ. ಪೊಲೀಸರು ಅಂಥವರನ್ನು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಲೆಟರ್‌ಹೆಡ್ಡು, ಮೊಹರು, ಫೋನೆತ್ತಿ “ಹೌದು, ನಮ್ಮಲ್ಲೇ ಇದ್ದರು” ಎನ್ನುವ ಮನುಷ್ಯ, ಎಲ್ಲವೂ ಹಣಕ್ಕೆ ಸಿಗುತ್ತದೆ. ಆದರೆ ಮಹತ್ವದ ವಿಷಯದಲ್ಲಿ ಸುಳ್ಳು ಹೇಳಿದ್ದು ಸಿದ್ಧವಾದರೆ ಅಮೇರಿಕದ ಕಾಯಿದೆ ಹಾಕುವ ತಡೆಗೆ ವರ್ಷಗಳ ಮಿತಿಯಿಲ್ಲ. ಪತ್ರ ಮಾರಿದವನ ಹೆಸರು ಆ ಕಡತದಲ್ಲಿ ಎಲ್ಲಿಯೂ ಇರುವುದಿಲ್ಲ. ಎರಡು ವರ್ಷಕ್ಕೆ ನಾಲ್ಕು ತಿಂಗಳು ಕಡಿಮೆ ಬಿದ್ದವನು ಆ ನಾಲ್ಕು ತಿಂಗಳು ದುಡಿಯುವುದೇ ಅಗ್ಗ ಎಂದು ನಾವು ಹೇಳುತ್ತೇವೆ.

ಕನ್ನಡ, ತೆಲುಗು, ಉರ್ದುವಿನ ದಾಖಲೆಗಳಿಗೆ ಪೂರ್ತಿ ಇಂಗ್ಲಿಷ್ ಅನುವಾದವನ್ನು, ‘ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ’ ಎಂಬ ಅನುವಾದಕನ ಸಹಿಯೊಡನೆ ಲಗತ್ತಿಸಬೇಕು. ಮೂಲ ಪತ್ರವನ್ನು ಏಜೆಂಟರ ಕೈಗೆ ಕೊಡದೆ ನಕಲು ಮಾತ್ರ ಕೊಡಿರಿ. ಸಂದರ್ಶನದ ದಿನ ಮೂಲವನ್ನೇ ತೋರಿಸಬೇಕಾಗುತ್ತದೆ.