ಜಾಲ ಅರ್ಜಿಯ ಕಡತವನ್ನು ಇ-ಮೇಲ್ ಲಗತ್ತಾಗಿ ರವಾನಿಸುವಿಕೆ

ಜಾಲತಾಣದ ಅರ್ಜಿ ನಮೂನೆಯ ಮೂಲಕ ಬಳಕೆದಾರರು ಸೇರಿಸಿದ ಕಡತವನ್ನು ಸರ್ವರ್‌ನಲ್ಲಿರುವ ಪ್ರೋಗ್ರಾಂ ಸ್ವೀಕರಿಸಿ, ಅದನ್ನು ಇ-ಮೇಲ್‌ಗೆ ಲಗತ್ತಿಸಿ ಗೊತ್ತುಪಡಿಸಿದ ವಿಳಾಸಕ್ಕೆ ಕಳುಹಿಸುವ ವಿಧಾನವು ಸಣ್ಣ ಸಂಸ್ಥೆಗಳ ಜಾಲತಾಣಗಳಲ್ಲಿ ಬಳಕೆಯಲ್ಲಿದೆ. ಉದ್ಯೋಗದ ಅರ್ಜಿಯೊಡನೆ ಸ್ವವಿವರ, ಪ್ರವೇಶದ ಅರ್ಜಿಯೊಡನೆ ಅಂಕಪಟ್ಟಿ, ದೂರಿನೊಡನೆ ಛಾಯಾಚಿತ್ರ ಮುಂತಾದವನ್ನು ಹೀಗೆ ಪಡೆಯಲಾಗುತ್ತದೆ. ಅರ್ಜಿದಾರರಿಗೆ ಇದು ಒಂದೇ ಪ್ರಯಾಣವಾಗಿ ಕಂಡರೂ ವಾಸ್ತವದಲ್ಲಿ ಕಡತವು ಎರಡು ಹಂತಗಳನ್ನು ದಾಟಬೇಕು: ಬ್ರೌಸರ್‌ನಿಂದ ಸರ್ವರ್‌ಗೆ, ಅನಂತರ ಸರ್ವರ್‌ನಿಂದ ಅಂಚೆಪೆಟ್ಟಿಗೆಗೆ. ಮೊದಲನೆಯದು ಯಶಸ್ವಿಯಾದ ಮಾತ್ರಕ್ಕೆ ಎರಡನೆಯದೂ ಯಶಸ್ವಿಯಾಯಿತೆಂದು ಹೇಳಲಾಗದು.

ಹಿನ್ನೆಲೆ

1982ರಲ್ಲಿ ಜಾನ್ ಪೋಸ್ಟೆಲ್ ಅವರು ಆರ್‌ಎಫ್‌ಸಿ 821 ದಾಖಲೆಯಲ್ಲಿ ನಿರೂಪಿಸಿದ ಎಸ್‌ಎಂಟಿಪಿ ನಿಯಮಾವಳಿಯು 7 ಬಿಟ್‌ಗಳ ಆಸ್ಕಿ ಅಕ್ಷರಗಳಿಗೆ ಮಾತ್ರ ಅವಕಾಶ ನೀಡಿತ್ತು. ಚಿತ್ರ, ಧ್ವನಿಗಳಿರಲಿ, ಇಂಗ್ಲಿಷೇತರ ಲಿಪಿಗಳಿಗೂ ಅದರಲ್ಲಿ ಸ್ಥಾನವಿರಲಿಲ್ಲ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ 'ಮೈಮ್' ಮಾನಕವು ಒಂದೇ ಪತ್ರವನ್ನು ಹಲವು ಭಾಗಗಳಾಗಿ ವಿಂಗಡಿಸಿ, ಭಾಗಗಳ ನಡುವೆ ಗಡಿಸಾಲನ್ನು ಇರಿಸುವ ಕ್ರಮವನ್ನು ತಂದಿತು. ಇಂದಿನ ಲಗತ್ತುಗಳಿಗೆ ಇದೇ ಆಧಾರ. 1995ರ ನವೆಂಬರ್‌ನಲ್ಲಿ ಜೆರಾಕ್ಸ್ ಸಂಸ್ಥೆಯ ನೆಬೆಲ್ ಮತ್ತು ಮಾಸಿಂಟರ್ ಅವರು ಆರ್‌ಎಫ್‌ಸಿ 1867ರ ಮೂಲಕ ಜಾಲ ಅರ್ಜಿಗೂ ಕಡತ ಸೇರಿಸುವ ಸೌಲಭ್ಯವನ್ನು ಸೂಚಿಸಿದಾಗ, ಮೈಮ್‌ನ ಗಡಿಸಾಲಿನ ಕ್ರಮವನ್ನೇ ಎರವಲು ಪಡೆದರು. ಹೀಗಾಗಿ ಎರಡು ಹಂತಗಳ ಲಕೋಟೆಗಳೂ ಒಂದೇ ಮನೆತನದವು.

ಸರ್ವರ್‌ವರೆಗಿನ ಹಂತ

ಅರ್ಜಿ ನಮೂನೆಯ ಸಂಕೇತಿಕರಣವನ್ನು 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ಎಂದು ನಿರ್ದಿಷ್ಟಪಡಿಸಬೇಕು. ಇದನ್ನು ಮರೆತರೆ ಸರ್ವರ್‌ಗೆ ಕಡತದ ಹೆಸರು ಮಾತ್ರ ತಲಪುತ್ತದೆ, ಒಳಗಿನ ವಿಷಯ ತಲಪುವುದಿಲ್ಲ.

ಪಿಎಚ್‌ಪಿ ಭಾಷೆಯಲ್ಲಿ ಬಂದ ಕಡತವು ತಾತ್ಕಾಲಿಕ ಸ್ಥಳದಲ್ಲಿ ಇರುತ್ತದೆ. ಪ್ರೋಗ್ರಾಂ ಮುಗಿದೊಡನೆ ಅದು ಅಳಿಸಿಹೋಗುವುದರಿಂದ, ಅದರೊಳಗಾಗಿ ಪತ್ರಕ್ಕೆ ಲಗತ್ತಿಸಬೇಕು ಅಥವಾ ಬೇರೆಡೆಗೆ ಸರಿಸಬೇಕು. ಕಡತವೊಂದರ ಮೂಲನಿಗದಿತ ಮಿತಿ 2 ಮೆಗಾಬೈಟ್, ಇಡೀ ಅರ್ಜಿಯ ಮಿತಿ 8 ಮೆಗಾಬೈಟ್. ಎರಡನೆಯ ಮಿತಿ ಮೀರಿದಾಗ ಕಡತವಷ್ಟೇ ಅಲ್ಲ, ಅರ್ಜಿದಾರರ ಹೆಸರು, ವಿಳಾಸ ಮುಂತಾದ ಎಲ್ಲ ಅಂಕಣಗಳೂ ಪ್ರೋಗ್ರಾಂಗೆ ಖಾಲಿಯಾಗಿ ಕಾಣಿಸುತ್ತವೆ. ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸದಿದ್ದರೆ ಖಾಲಿ ಪತ್ರವೊಂದು ಕಚೇರಿಗೆ ತಲಪಿ, ಅರ್ಜಿ ಹಾಕಿದವರು ಯಾರೆಂಬುದೇ ತಿಳಿಯದಂತಾಗುತ್ತದೆ.

ಅಂಚೆಪೆಟ್ಟಿಗೆವರೆಗಿನ ಹಂತ

ಕಡತದ ಬೈಟ್‌ಗಳನ್ನು ಸಾಮಾನ್ಯವಾಗಿ 'ಬೇಸ್64' ಕ್ರಮದಲ್ಲಿ ಅಕ್ಷರಗಳಾಗಿ ಬದಲಾಯಿಸಲಾಗುತ್ತದೆ. ಪ್ರತಿ 3 ಬೈಟ್‌ಗಳು 4 ಅಕ್ಷರಗಳಾಗುವುದರಿಂದ ಗಾತ್ರವು ಮೂರನೇ ಒಂದರಷ್ಟು ಹೆಚ್ಚುತ್ತದೆ. ಸಾಲೊಂದಕ್ಕೆ 76 ಅಕ್ಷರಗಳೆಂಬ ಮಿತಿಯಿಂದಾಗಿ ಸೇರುವ ಸಾಲುಮುರಿತಗಳು ಇನ್ನಷ್ಟು ಹೆಚ್ಚಿಸುತ್ತವೆ. 25 ಮೆಗಾಬೈಟ್ ಮಿತಿಯುಳ್ಳ ಅಂಚೆ ಸರ್ವರ್ ಮೂಲಕ ವಾಸ್ತವವಾಗಿ ಸಾಗುವುದು ಸುಮಾರು 18 ಮೆಗಾಬೈಟ್‌ನ ಕಡತ ಮಾತ್ರ.

ಕಡತದ ಹೆಸರು ಕನ್ನಡದಲ್ಲಿದ್ದರೆ ಮತ್ತೊಂದು ತೊಡಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು. ಬರೆಯುವಾಗ ನಾಲ್ಕೇ ಅಕ್ಷರಗಳ 'ಅಂಕಪಟ್ಟಿ' ಎಂಬ ಪದವು ಯೂನಿಕೋಡ್‌ನಲ್ಲಿ 8 ಸಂಕೇತಗಳು, ಅಂದರೆ 24 ಬೈಟ್‌ಗಳು. ಪತ್ರದ ಶಿರೋಭಾಗದಲ್ಲಿ ಇಂತಹ ಹೆಸರನ್ನು ಬರೆಯಲು 1997ರ ಆರ್‌ಎಫ್‌ಸಿ 2231 ಒಂದು ಕ್ರಮವನ್ನು ನೀಡಿದೆ. ಅದರಂತೆ ಆ ಪದಕ್ಕೆ 72 ಆಸ್ಕಿ ಅಕ್ಷರಗಳು ಬೇಕಾಗುತ್ತವೆ. ಈ ಕ್ರಮವನ್ನು ಪಾಲಿಸದ ಪ್ರೋಗ್ರಾಂ ಕಳುಹಿಸಿದ ಲಗತ್ತು ಪ್ರಶ್ನಾರ್ಥಕ ಚಿಹ್ನೆಗಳ ಹೆಸರಿನಲ್ಲಿ ಬಂದು ಬೀಳಬಹುದು. ಪಿಎಚ್‌ಪಿಮೇಲರ್‌ನಂತಹ ಸಿದ್ಧ ತಂತ್ರಾಂಶಗಳು ಗಡಿಸಾಲು, ಸಂಕೇತಿಕರಣಗಳನ್ನು ತಾವೇ ನಿರ್ವಹಿಸುವುದರಿಂದ, ಇವನ್ನೆಲ್ಲ ಕೈಯಾರೆ ಬರೆಯುವ ಶ್ರಮ ಅನಗತ್ಯ.

ಸುರಕ್ಷತೆ

ಕಡತದ ಹೆಸರು ಮತ್ತು ಪ್ರಕಾರವನ್ನು ತಿಳಿಸುವುದು ಬ್ರೌಸರ್. ಅದನ್ನು ಬೇಕಾದಂತೆ ತಿದ್ದಿ ಕಳುಹಿಸಬಹುದು. ಆದ್ದರಿಂದ ಸರ್ವರ್ ಕಡತದ ಒಳವಿಷಯವನ್ನೇ ಪರೀಕ್ಷಿಸಿ, ಅನುಮತಿಸಿದ ಕೆಲವೇ ಪ್ರಕಾರಗಳನ್ನು ಸ್ವೀಕರಿಸಬೇಕು. ಹೆಸರು ಅಥವಾ ಇ-ಮೇಲ್ ಅಂಕಣದಲ್ಲಿ ಸಾಲುಮುರಿತವನ್ನು ತೂರಿಸಿ, ಪತ್ರದ ಶಿರೋಭಾಗಕ್ಕೆ ಹೊಸ ವಿಳಾಸಗಳನ್ನು ಸೇರಿಸುವ ವಂಚನೆಯೂ ಉಂಟು. ಸಾಲುಮುರಿತವುಳ್ಳ ಮೌಲ್ಯಗಳನ್ನು ತಿರಸ್ಕರಿಸದಿದ್ದರೆ ಸಂಸ್ಥೆಯ ಸರ್ವರ್ ಅನ್ಯರ ಜಾಹೀರಾತು ಪತ್ರಗಳ ಅಂಚೆ ಕಚೇರಿಯಾಗಿಬಿಡುತ್ತದೆ. ಅರ್ಜಿದಾರರ ವಿಳಾಸವನ್ನು 'ಕಳುಹಿಸಿದವರು' ಎಂಬಲ್ಲಿ ನಮೂದಿಸಿದರೆ ಪತ್ರವು ನಕಲಿಯೆಂಬ ಶಂಕೆಗೆ ಒಳಗಾಗುವ ಸಂಭವವಿದೆ. ಅಲ್ಲಿ ಸಂಸ್ಥೆಯ ವಿಳಾಸವನ್ನೂ, ಉತ್ತರ ಹೋಗಬೇಕಾದಲ್ಲಿ ಅರ್ಜಿದಾರರ ವಿಳಾಸವನ್ನೂ ಇರಿಸುವುದು ಸೂಕ್ತ.

ಸ್ವೀಕೃತಿಯ ಪ್ರಶ್ನೆ

ಪಿಎಚ್‌ಪಿಯ 'ಮೇಲ್' ಕಾರ್ಯವು ಯಶಸ್ಸನ್ನು ಸೂಚಿಸಿದರೆ, ಪತ್ರವನ್ನು ರವಾನೆಗಾಗಿ ಸ್ವೀಕರಿಸಲಾಗಿದೆ ಎಂದಷ್ಟೇ ಅರ್ಥ. ಆಮೇಲೆ ಅದು ಗಾತ್ರದ ಕಾರಣಕ್ಕೆ ತಿರಸ್ಕೃತವಾಗಬಹುದು, ಅನಪೇಕ್ಷಿತ ಪತ್ರಗಳ ರಾಶಿಯನ್ನು ಸೇರಬಹುದು. ಆದರೆ ಅರ್ಜಿದಾರರ ಪರದೆಯ ಮೇಲೆ 'ಅರ್ಜಿ ಸಲ್ಲಿಕೆಯಾಗಿದೆ' ಎಂಬ ಸಂದೇಶ ಆಗಲೇ ಮೂಡಿರುತ್ತದೆ. ಕೊನೆಯ ದಿನಾಂಕ ಕಳೆದ ಮೇಲೆ ವಿಚಾರಿಸಿದಾಗ ಕಚೇರಿಯಲ್ಲಿ ಕಾಗದವಿರುವುದಿಲ್ಲ, ಅರ್ಜಿದಾರರ ಬಳಿ ಪುರಾವೆಯಿರುವುದಿಲ್ಲ. ಅಂಕಪಟ್ಟಿಯಂತಹ ಮುಖ್ಯ ದಾಖಲೆಗಳ ವಿಷಯದಲ್ಲಿ ಇ-ಮೇಲನ್ನು ಏಕೈಕ ಸಂಗ್ರಹವಾಗಿ ನಂಬುವುದು ಸರಿಯಲ್ಲ. ಕಡತವನ್ನು ಮೊದಲು ಜಾಲತಾಣದ ಸಾರ್ವಜನಿಕ ಕೋಶದಿಂದ ಹೊರಗೆ, ಪ್ರೋಗ್ರಾಂ ತಾನೇ ಸೃಷ್ಟಿಸಿದ ಹೆಸರಿನಲ್ಲಿ ಉಳಿಸಿ, ಅರ್ಜಿದಾರರಿಗೆ ಸ್ವೀಕೃತಿ ಸಂಖ್ಯೆಯನ್ನು ನೀಡಿ, ಅನಂತರ ಇ-ಮೇಲನ್ನು ಸೂಚನೆಯ ರೂಪದಲ್ಲಿ ಕಳುಹಿಸುವುದು ಹೆಚ್ಚು ಭದ್ರವಾದ ಕ್ರಮ. ರವಾನೆ ವಿಫಲವಾದರೂ ಉಳಿಸಿದ ಪ್ರತಿಯಿಂದ ಪತ್ರವನ್ನು ಮತ್ತೆ ಕಳುಹಿಸಬಹುದು.